ಕಳೆದ ಬುಧವಾರ ಏನು ಮಾಡಿದೆ? – ಕಾಲೇಜು ಗೆಳತಿಯರ ಸುದ್ದಿ ಕಲೆಹಾಕಿದ ನನ್ನ ಅನುಭವ

ನಮ್ಮ ತರಗತಿಯ ಸುದ್ದಿಪತ್ರದ ಆರನೆಯ ಸಂಚಿಕೆ ಮೊನ್ನೆ ಅಚ್ಚಾಗಿ ಬಂತು. ಈಗ ಸಂಪರ್ಕದಲ್ಲಿರುವ 47 ಮಂದಿಯಲ್ಲಿ 41 ಮಂದಿಯ ಸುದ್ದಿ ಅದರಲ್ಲಿದೆ. ‘ಎಪ್ಪತ್ತು ದಾಟಿದವರು ಯಾರೂ ಬರೆಯುವುದಿಲ್ಲ, ಬರೆದರೂ ಮೊಣಕಾಲು ನೋವು, ಮೊಮ್ಮಕ್ಕಳ ಅಂಕ, ಇಷ್ಟೇ’ ಎಂದು ಐದು ವರ್ಷಗಳ ಹಿಂದೆ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ ಗೆಳತಿಯೇ ಈ ಸಲ ಮೂರು ಪ್ರತಿ ಹೆಚ್ಚಿಗೆ ಕೇಳಿದಳು. ತಮ್ಮ ಮಹಿಳಾ ಕಾಲೇಜಿನ ಹಳೆಯ ಪಟ್ಟಿ ಹಿಡಿದು ಇದೇ ಕೆಲಸಕ್ಕೆ ಇಳಿದವರು ಬಹಳ ಮಂದಿ ಇದ್ದೀರಿ. ಪಟ್ಟಿ ಮಾಡುವುದು, ಪುಟ ಜೋಡಿಸುವುದು ನಿಮಗೆ ಗೊತ್ತಿರುವ ವಿಷಯ. ನಾನು ಎಲ್ಲಿ ಎಡವಿದೆ, ಹಣ ಎಲ್ಲಿ ಸೋರಿತು, ಕೊನೆಗೆ ಕೆಲಸ ಹೇಗೆ ಹಿಡಿತಕ್ಕೆ ಬಂತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಮಾಡಿದ್ದು ಸುತ್ತು ಪುಸ್ತಕ. ಒಂದು ನೋಟುಬುಕ್ಕು, ಹನ್ನೆರಡು ಮಂದಿ. ಒಬ್ಬಳು ಬರೆದು ಮುಂದಿನವಳಿಗೆ ಅಂಚೆಯಲ್ಲಿ ಕಳುಹಿಸಬೇಕು. ನಾಲ್ಕನೆಯವಳ ಮನೆಯಲ್ಲಿ ಅದು ಏಳು ತಿಂಗಳು ಕುಳಿತುಬಿಟ್ಟಿತು. ಮೊದಲ ಮೂವರು ವಿದೇಶ ಪ್ರವಾಸ, ಪ್ರಶಸ್ತಿ, ಹೊಸ ಮನೆ ಎಂದು ಸೊಗಸಾಗಿ ಬರೆದಿದ್ದರು. ‘ಇವರ ಕೆಳಗೆ ನಾನು ಏನು ಬರೆಯಲಿ ಹೇಳು’ ಎಂದಳು ಅವಳು. ಸೋಮಾರಿತನ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ ಆಗ ತಪ್ಪು ಗೊತ್ತಾಯಿತು. ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಮುಂದೆ ಮೊದಲೇ ಇಟ್ಟರೆ ಎರಡನೆಯವರ ಬಾಯಿ ಕಟ್ಟುತ್ತದೆ. ಇಂದಿಗೂ ಸಂಚಿಕೆ ಅಚ್ಚಾಗುವವರೆಗೆ ಯಾರು ಏನು ಹೇಳಿದರೆಂದು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲೆ ವಾಟ್ಸ್ಆ್ಯಪ್ ಗುಂಪು. ಎರಡೇ ದಿನಕ್ಕೆ 38 ಮಂದಿ ಸೇರಿದರು. ಒಂದು ತಿಂಗಳು ಕುಳಿತು ಎಣಿಸಿದೆ. ಸುಮಾರು 900 ಸಂದೇಶಗಳಲ್ಲಿ ನಿಜವಾದ ಸುದ್ದಿ ಹನ್ನೊಂದೋ ಹನ್ನೆರಡೋ. ಉಳಿದದ್ದೆಲ್ಲ ಶುಭೋದಯದ ಹೂವುಗಳು. ಒಬ್ಬಳು ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹತ್ತು ವರ್ಷಗಳ ನಂತರ ಕನ್ನಡಕವಿಲ್ಲದೆ ಓದಿದೆ ಎಂದು ಬರೆದದ್ದು ಆ ಹೂವುಗಳ ಕೆಳಗೆ ಹೂತುಹೋಯಿತು. ಗುಂಪನ್ನು ನಾನು ಮುಚ್ಚಿಲ್ಲ. ‘ಪ್ರತಿಗಳನ್ನು ಅಂಚೆಗೆ ಹಾಕಿದ್ದೇನೆ’ ಎಂದು ತಿಳಿಸಲು ಅದು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು.

ಮೂರನೆಯದು ಪ್ರಶ್ನಾವಳಿ. ಸ್ಮಿತ್, ವೆಲ್ಸ್‌ಲಿಯಂತಹ ಅಮೆರಿಕದ ಮಹಿಳಾ ಕಾಲೇಜುಗಳಲ್ಲಿ ಪ್ರತಿ ತರಗತಿಗೂ ಒಬ್ಬ ಕಾರ್ಯದರ್ಶಿ ಇದ್ದು, ಸಹಪಾಠಿಗಳ ಸುದ್ದಿ ತರಿಸಿಕೊಂಡು ಹಳೆಯ ವಿದ್ಯಾರ್ಥಿನಿಯರ ಪತ್ರಿಕೆಗೆ ಕೊಡುವ ಪದ್ಧತಿ ಬಹಳ ಹಿಂದಿನದು. ಅದನ್ನೇ ಅನುಸರಿಸಿ ಹದಿನಾಲ್ಕು ಪ್ರಶ್ನೆ ಅಚ್ಚು ಹಾಕಿಸಿ, ಮರಳಿ ಕಳುಹಿಸಲು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಇಟ್ಟು, ಐವತ್ತು ಮಂದಿಗೆ ಕಳುಹಿಸಿದೆ. ನನ್ನ ಒಂದು ತಿಂಗಳ ಪಿಂಚಣಿಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಅಲ್ಲಿಗೆ ಹೋಯಿತು. ಮರಳಿ ಬಂದದ್ದು ಒಂಬತ್ತು. ಅದರಲ್ಲಿ ಎಂಟು ಮಕ್ಕಳ ಉದ್ಯೋಗದ ಪಟ್ಟಿ.

ಒಂಬತ್ತನೆಯದರಲ್ಲಿ ಒಂದು ಉತ್ತರವೂ ಇರಲಿಲ್ಲ. ‘ನಿವೃತ್ತಿಯ ನಂತರ ಕೈಗೊಂಡ ಚಟುವಟಿಕೆಗಳು’ ಎಂಬ ಮೊದಲ ಪ್ರಶ್ನೆಯ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು: ‘ನಾನು ಯಾವ ಕೆಲಸಕ್ಕೂ ಸೇರಿರಲಿಲ್ಲ. ನಿವೃತ್ತಿ ಎಲ್ಲಿಂದ ಬರಬೇಕು?’

ಬರೆದವಳು ನಮ್ಮ ತರಗತಿಯಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಕಾಗದ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ನಮ್ಮಲ್ಲಿ ಅರ್ಧದಷ್ಟು ಮಂದಿ ಸಂಬಳದ ಕೆಲಸ ಮಾಡಿದವರಲ್ಲ. ನನ್ನ ಮೊದಲ ಪ್ರಶ್ನೆಯೇ ಅವರನ್ನೆಲ್ಲ ಹೊಸ್ತಿಲಲ್ಲಿ ನಿಲ್ಲಿಸಿತ್ತು. ಆ ಸಂಜೆಯೇ ಅವಳಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದ ಮೇಲೆ ಏನು ಕೇಳಬೇಕೆಂದು ತಿಳಿಯದೆ ‘ಹೋಗಲಿ, ನಿನ್ನೆ ಏನು ಮಾಡಿದೆ?’ ಎಂದೆ. ‘ಪೈಥಾಗೊರಸ್ ಪ್ರಮೇಯಕ್ಕೆ ಇನ್ನೊಂದು ಸಾಧನೆ ಬರೆದುಕೊಂಡೆ. ಇದು ಇಪ್ಪತ್ತಮೂರನೆಯದು’ ಎಂದಳು. ಮನೆಯ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ವರ್ಷಗಳಿಂದ ಬರೆದಿಡುತ್ತಿದ್ದಾಳೆ. ಜೇಮ್ಸ್ ಗಾರ್ಫೀಲ್ಡ್ ಅಮೆರಿಕದ ಅಧ್ಯಕ್ಷರಾಗುವುದಕ್ಕೆ ಮೊದಲು, 1876ರಲ್ಲಿ ಪ್ರಕಟಿಸಿದ ತ್ರಾಪಿಜ್ಯದ (ಎರಡು ಬದಿ ಸಮಾಂತರವಾಗಿರುವ ಚತುರ್ಭುಜದ) ಸಾಧನೆ ಅವಳಿಗೆ ಅಚ್ಚುಮೆಚ್ಚು. ಅದನ್ನು ಫೋನಿನಲ್ಲೇ ನನಗೆ ಬಿಡಿಸಿ ಹೇಳಿದಳು. ನಲವತ್ತು ನಿಮಿಷ ಮಾತನಾಡಿದೆವು. ಹದಿನಾಲ್ಕು ಪ್ರಶ್ನೆಗೆ ಸಿಗದ ಸುದ್ದಿ ಒಂದಕ್ಕೆ ಸಿಕ್ಕಿತ್ತು.

ಅಲ್ಲಿಂದ ಹುಟ್ಟಿದ್ದು ನನ್ನ ಬುಧವಾರದ ಪ್ರಶ್ನೆ. ‘ಈಗೇನು ಮಾಡುತ್ತಿದ್ದೀಯಾ?’ ಎಂದರೆ ‘ಏನಿದೆ, ಹೀಗೇ ದಿನ ಹೋಗುತ್ತಿದೆ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ‘ಕಳೆದ ಬುಧವಾರ ಏನು ಮಾಡಿದೆ?’ ಎಂದರೆ ನೆನಪು ಮಾಡಿಕೊಳ್ಳಲೇಬೇಕು. ಭಾನುವಾರ ಕೇಳಿದರೆ ಮನೆಗೆ ಬಂದವರ ಸುದ್ದಿ ಬರುತ್ತದೆ, ಸೋಮವಾರ ಕೇಳಿದರೆ ಆಸ್ಪತ್ರೆಯ ಸರದಿಯ ಸುದ್ದಿ. ಬುಧವಾರ ಅವರದೇ ದಿನ. ಮೊದಲು ‘ಏನೂ ಇಲ್ಲ’ ಎನ್ನುತ್ತಾರೆ. ಒಂದು ಉಸಿರಿನ ನಂತರ ‘ಅಲ್ಲ, ತಾಳು’ ಎನ್ನುತ್ತಾರೆ. ಆ ‘ತಾಳು’ ಬಂದ ಮೇಲೆ ನಾವು ತುಟಿ ಬಿಚ್ಚಬಾರದು. ನಾನು ಮೊದಮೊದಲು ಆ ಮೌನವನ್ನು ತುಂಬಲು ಹೋಗಿ ಎಷ್ಟೋ ಒಳ್ಳೆಯ ಸುದ್ದಿಗಳನ್ನು ಕಳೆದುಕೊಂಡೆ. ಈಗ ಗಡಿಯಾರದ ಮುಳ್ಳು ನೋಡುತ್ತ ಕೂರುತ್ತೇನೆ. ಒಮ್ಮೆ ಒಂದೂವರೆ ನಿಮಿಷ ಕಾದಿದ್ದೇನೆ. ಆ ಮೌನದ ಆಚೆಯಿಂದ ಬಂದದ್ದು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ಗೆಳತಿಯೊಬ್ಬಳು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಈಜು ಕಲಿತ ಕಥೆ. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ದಿನಕ್ಕೆ ಎರಡೇ ಕರೆ. ಮೂರನೆಯದು ಮಾಡಿದರೆ ನನ್ನ ಕಿವಿ ಸೋಲುತ್ತದೆ, ಬರಹದಲ್ಲಿ ಅದು ಕಾಣುತ್ತದೆ. ಮಾತನಾಡುವಾಗಲೇ ಕೈಯಲ್ಲಿ ಬರೆದುಕೊಂಡು, ಮರುದಿನ ಪೂರ್ತಿ ಓದಿ ಹೇಳುತ್ತೇನೆ. ಅವರು ತೆಗೆ ಎಂದದ್ದನ್ನು ತೆಗೆಯುತ್ತೇನೆ, ವಾದ ಮಾಡುವುದಿಲ್ಲ. ಕಿವಿ ಮಂದವಾದವರೊಂದಿಗೆ ಗಟ್ಟಿಯಾಗಿ ಕೂಗುವುದು ಬೇಡ. ವಯಸ್ಸಿನ ಕಿವುಡು ಮೊದಲು ಹಿಡಿಯುವುದು ತಾರಸ್ಥಾಯಿಯ, ಅಂದರೆ ಕೀರಲು ಧ್ವನಿಗಳನ್ನು, ‘ಸ’, ‘ಶ’ಗಳು ಅಲ್ಲೇ ಕಳೆದುಹೋಗುತ್ತವೆ. ಕೂಗಿದರೆ ನಮ್ಮ ಸ್ವರ ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ಸ್ವರವನ್ನು ತಗ್ಗಿಸಿ ನಿಧಾನವಾಗಿ ಮಾತನಾಡಿ. ನಾನು ಇದನ್ನು ಕಲಿಯುವ ಹೊತ್ತಿಗೆ ಒಬ್ಬಳು ‘ನೀನು ಯಾಕೆ ನನ್ನ ಮೇಲೆ ರೇಗುತ್ತೀಯಾ’ ಎಂದು ಫೋನ್ ಇಟ್ಟಾಗಿತ್ತು.

ಕರೆಗೆ ಸಿಗದವರು, ಸಿಕ್ಕರೂ ‘ಆಮೇಲೆ ಮಾಡುತ್ತೇನೆ’ ಎನ್ನುವವರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಅವರಿಗಾಗಿ ನನ್ನ ಬಳಿ ಒಂದು ಮೊದಲ ವಾಕ್ಯವಿದೆ. ಹತ್ತರಲ್ಲಿ ಏಳು ಸಲ ಅದು ಬಾಗಿಲು ತೆರೆಸಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೂ ಓದುತ್ತಾರೆ, ಆಮೇಲೆ ಅದು ನಡೆಯುವುದಿಲ್ಲ.

ಹುಡುಕುವ ಕಷ್ಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮದುವೆಯ ನಂತರ ಹೆಸರು ಬದಲಾದದ್ದೇ ದೊಡ್ಡ ಗೋಡೆ. ಸುಮಾರು 64 ಮಂದಿಯ ತರಗತಿ ನಮ್ಮದು. ನಾನು ಶುರು ಮಾಡುವ ಹೊತ್ತಿಗೆ ಎಂಟು ಮಂದಿ ತೀರಿಕೊಂಡಿದ್ದರು, ಆರು ಮಂದಿ ಇಂದಿಗೂ ಸಿಕ್ಕಿಲ್ಲ. ನನಗೆ ಹೆಚ್ಚು ನೆರವಾದದ್ದು ಅದೇ ಕಾಲೇಜಿನಲ್ಲಿ ಓದಿದ ತಂಗಿಯರು. ಅಕ್ಕನ ತರಗತಿಯವರನ್ನು ಕೇಳುವ ಬದಲು ತಂಗಿಯ ತರಗತಿಯವರನ್ನು ಕೇಳಿ.

ಈಗ ಹಣದ ವಿಷಯ. ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ದೇಣಿಗೆ ಕೊಟ್ಟವರ ಹೆಸರನ್ನು ಮೊತ್ತದೊಂದಿಗೆ ಹಾಕಿದೆ. ಕೃತಜ್ಞತೆ ಎಂದುಕೊಂಡೇ ಹಾಕಿದ್ದು. ಎರಡನೆಯ ಸಂಚಿಕೆಗೆ ಏಳು ಮಂದಿ ಸುದ್ದಿ ಕೊಡಲಿಲ್ಲ. ಏಳೂ ಮಂದಿ ಸ್ವಂತ ವರಮಾನವಿಲ್ಲದವರು. ಹಣಕ್ಕಾಗಿ ಮಗನ ಮುಂದೆ ಕೈಚಾಚಬೇಕಾದವಳು ಆ ಪಟ್ಟಿಯಲ್ಲಿ ತನ್ನ ಹೆಸರಿಲ್ಲದ್ದನ್ನು ನೋಡಿ ಏನು ಅಂದುಕೊಂಡಿರಬೇಕು ಎಂದು ನಾನು ಯೋಚಿಸಿರಲಿಲ್ಲ. ಇದು ನಾನು ಮಾಡಿದ ಅತಿ ದೊಡ್ಡ ತಪ್ಪು. ಈಗ ಪಟ್ಟಿಯೂ ಇಲ್ಲ, ಚಂದಾ ಕೇಳುವ ಪತ್ರವೂ ಇಲ್ಲ. ಐದು ಮಂದಿ ಮಾತಿಲ್ಲದೆ ಮುಕ್ಕಾಲು ಪಾಲು ಖರ್ಚು ಹೊರುತ್ತಾರೆ, ಉಳಿದದ್ದು ನನ್ನದು. ಅವರು ಯಾರೆಂದು ಆರನೆಯವರಿಗೆ ಗೊತ್ತಿಲ್ಲ. ಆ ಏಳರಲ್ಲಿ ಆರು ಮಂದಿ ಮರಳಿ ಬಂದಿದ್ದಾರೆ.

ಖರ್ಚು ಸೋರುವುದು ಅಚ್ಚಿನಲ್ಲಲ್ಲ, ಅಂಚೆಯಲ್ಲಿ. ಎ4 ಹಾಳೆಯನ್ನು ಮಡಚಿ ನಡುವೆ ಪಿನ್ನು ಹೊಡೆಯುವ ಪುಸ್ತಿಕೆ ನಮ್ಮದು, ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು. 24 ಪುಟವಿದ್ದದ್ದು ಅಕ್ಷರದ ಗಾತ್ರ ಏರಿಸಿದಾಗ 32 ಆಯಿತು. ಜೊತೆಗೆ ಚೆಂದ ಕಾಣಲೆಂದು ಚದರ ಮೀಟರಿಗೆ 100 ಗ್ರಾಂ ತೂಗುವ, ಅಂದರೆ 100 ಜಿಎಸ್‌ಎಂ ಕಾಗದ ಹಾಕಿಸಿದೆ. 80 ಜಿಎಸ್‌ಎಂನ ಎ4 ಹಾಳೆ 5 ಗ್ರಾಂ, 100ರದು ಆರೂಕಾಲು ಗ್ರಾಂ. ಎಂಟು ಹಾಳೆಗೆ ಹತ್ತು ಗ್ರಾಂ ವ್ಯತ್ಯಾಸ. ಅಷ್ಟಕ್ಕೇ ಲಕೋಟೆ ಮುಂದಿನ ತೂಕದ ಹಂತಕ್ಕೆ ಜಿಗಿದು, ಅಂಚೆ ಖರ್ಚು ಒಟ್ಟು ಖರ್ಚಿನ ಅರ್ಧವನ್ನು ದಾಟಿತು. ಅಕ್ಷರವನ್ನು ಕುಗ್ಗಿಸಬೇಡಿ, ಕಾಗದವನ್ನು ಹಗುರ ಮಾಡಿ. ಹೊಳೆಯುವ ಕಾಗದವಂತೂ ಬೇಡವೇ ಬೇಡ, ದೀಪದ ಬೆಳಕು ಬಿದ್ದರೆ ವಯಸ್ಸಾದ ಕಣ್ಣಿಗೆ ಏನೂ ಕಾಣುವುದಿಲ್ಲ.

ಒಂದು ಸಂಚಿಕೆಗೆ ‘ನಿನ್ನ ಕಿಟಕಿಯಿಂದ ಕಾಣುವುದರ ಚಿತ್ರ ಕಳುಹಿಸು’ ಎಂದು ಕೇಳಿದ್ದೆ. ಹತ್ತೊಂಬತ್ತು ಬಂದವು. ಕಪ್ಪುಬಿಳುಪಿನಲ್ಲಿ ಎಲ್ಲವೂ ಬೂದಿಬಣ್ಣದ ಚೌಕಗಳಾದವು. ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ದೃಷ್ಟಿ ಮಸುಕಾದ ಇಬ್ಬರಿಗಾಗಿ ಇಡೀ ಸಂಚಿಕೆಯನ್ನು ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿದೆ. ಮೊದಲ ಸಲ ಫ್ಯಾನಿನ ಸದ್ದು ಎಲ್ಲವನ್ನೂ ನುಂಗಿತು. ಎರಡನೆಯ ಸಲ ಬಟ್ಟೆಯ ಕಪಾಟಿನ ಬಾಗಿಲು ತೆರೆದು ಅದಕ್ಕೆ ಮುಖಮಾಡಿ ಕುಳಿತು ಓದಿದೆ, ಬಟ್ಟೆಗಳು ಪ್ರತಿಧ್ವನಿಯನ್ನು ಹೀರಿಕೊಂಡವು. ಈಗ ಆ ಧ್ವನಿಯನ್ನು ಕಣ್ಣು ಚೆನ್ನಾಗಿರುವ ಹದಿನೈದು ಮಂದಿಯೂ ತರಿಸಿಕೊಳ್ಳುತ್ತಾರೆ.

ಪ್ರತಿ ಸಂಚಿಕೆಗೂ ಅದೇ ಪ್ರಶ್ನೆಯೇ ಎಂದು ಕೆಲವರು ಗೊಣಗಿದ್ದುಂಟು. ಆಗ ನನ್ನ ಬೆನ್ನಿಗೆ ನಿಂತವಳು ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದ ಗೆಳತಿ. ಅಮೆರಿಕದ ಮಿಲ್ಸ್ ಎಂಬ ಮಹಿಳಾ ಕಾಲೇಜಿನ 1958 ಮತ್ತು 1960ರ ಪದವೀಧರೆಯರನ್ನು ರಾವೆನ್ನಾ ಹೆಲ್ಸನ್ ಎಂಬ ವಿದ್ವಾಂಸೆ ದಶಕಗಟ್ಟಲೆ ಬಿಡದೆ ಅನುಸರಿಸಿ, ಅವರಿಗೆ ಇಪ್ಪತ್ತೊಂದಾಗಿದ್ದಾಗ ಕೊಟ್ಟ, ಸ್ವಭಾವ ಅಳೆಯುವ ಪ್ರಶ್ನೆಗಳನ್ನೇ ನಡುವಯಸ್ಸಿನಲ್ಲೂ ಅರವತ್ತು ದಾಟಿದ ಮೇಲೂ ಕೊಟ್ಟರು ಎಂದು ಅವಳೇ ಹೇಳಿದ್ದು. ‘ಪ್ರಶ್ನೆ ಬದಲಾಯಿಸಿದರೆ ಮನುಷ್ಯರು ಬದಲಾದದ್ದು ಗೊತ್ತಾಗುವುದು ಹೇಗೆ?’ ಎಂದಳು. ನಾನು ಬದಲಾಯಿಸಲಿಲ್ಲ. ಈಗ ನನ್ನ ಬಳಿ ಒಬ್ಬೊಬ್ಬರದೂ ಐದಾರು ಬುಧವಾರಗಳಿವೆ. ಗಂಡ ತೀರಿಕೊಂಡ ವರ್ಷದಲ್ಲಿ ‘ಕಿಟಕಿ ತೆರೆದೆ, ಮುಚ್ಚಿದೆ’ ಎಂದಷ್ಟೇ ಹೇಳಿದವಳು ಮೂರನೆಯ ಬುಧವಾರಕ್ಕೆ ಹಾರ್ಮೋನಿಯಂ ರಿಪೇರಿಗೆ ಕೊಟ್ಟಿದ್ದಳು, ಐದನೆಯದಕ್ಕೆ ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಓದಿ ಹೇಳಿ ಒಪ್ಪಿಗೆ ಪಡೆದರೂ ಒಮ್ಮೆ ಕೆಟ್ಟಿತು. ಮಗನ ಮನೆಯಿಂದ ಹೊರಟು ವೃದ್ಧಾಶ್ರಮ ಸೇರಿದ್ದನ್ನು ಒಬ್ಬಳು ಸಂತೋಷದಿಂದಲೇ ಹೇಳಿದ್ದಳು. ಪುಸ್ತಿಕೆ ಬೀಗರ ಕೈಗೆ ಸಿಕ್ಕಿ ಮನೆಯಲ್ಲಿ ರಂಪವಾಯಿತು. ಐದು ತಿಂಗಳು ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಅಂದಿನಿಂದ ಕೊನೆಯಲ್ಲಿ ಇನ್ನೊಂದು ಮಾತು ಕೇಳುತ್ತೇನೆ: ‘ಇದನ್ನು ನಿಮ್ಮ ಮನೆಯವರು ಓದಿದರೆ ಪರವಾಗಿಲ್ಲವೇ?’

ಸುದ್ದಿಗಳನ್ನು ಅಕಾರಾದಿಯಾಗಿ ಜೋಡಿಸಬೇಡಿ ಎಂದಷ್ಟೇ ಹೇಳುತ್ತೇನೆ. ನಾನು ಜೋಡಿಸುವ ಕ್ರಮ ಬೇರೆ. ಅದಕ್ಕೆ ಎರಡು ಸಂಚಿಕೆ ಹಾಳು ಮಾಡಿಕೊಂಡಿದ್ದೇನೆ, ಅದು ನನ್ನಲ್ಲೇ ಇರಲಿ.

ಈ ಮೂರು ವರ್ಷಗಳಲ್ಲಿ ಮೂವರು ಹೋದರು. ಮೊದಲನೆಯವಳ ಸುದ್ದಿಯನ್ನು ಮುಖಪುಟದ ಒಳಗೆ ಕಪ್ಪು ಚೌಕಟ್ಟಿನಲ್ಲಿ ಹಾಕಿದೆ. ಮುಂದಿನ ಸಂಚಿಕೆ ಬಂದಾಗ ಲಕೋಟೆ ಒಡೆಯಲು ಭಯವಾಗಿ ಹತ್ತು ದಿನ ಹಾಗೇ ಇಟ್ಟಿದ್ದೆ ಎಂದು ನಾಲ್ಕಾರು ಮಂದಿ ಹೇಳಿದರು. ಮೂರನೆಯವಳು ನನಗೆ ತನ್ನ ಬುಧವಾರ ಹೇಳಿ, ಓದಿಸಿ ಕೇಳಿ, ಒಂದು ಪದ ತಿದ್ದಿಸಿ, ಅಚ್ಚಿಗೆ ಹೋಗುವ ಎರಡು ವಾರ ಮೊದಲು ತೀರಿಕೊಂಡಳು. ಅವಳ ಮಗಳಿಗೆ ಫೋನ್ ಮಾಡಿ ‘ಏನು ಮಾಡಲಿ ಮಗೂ?’ ಎಂದು ಕೇಳಿದೆ. ‘ಅಮ್ಮ ಹೇಳಿದ ಹಾಗೆಯೇ ಹಾಕಿ ಆಂಟಿ’ ಎಂದಳು. ಉಳಿದವರ ನಡುವೆ, ಅವಳ ಸರದಿಯ ಪುಟದಲ್ಲೇ, ಅದೇ ಅಕ್ಷರದಲ್ಲಿ ಹಾಕಿದೆ. ಆ ಬುಧವಾರ ಅವಳು ಹಳೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಸೂಜಿಗೆ ತಾನೇ ದಾರ ಪೋಣಿಸಿದ್ದಳು. ಕೆಳಗೆ ತೀರಿಕೊಂಡ ತಾರೀಖು ಮಾತ್ರ ಸೇರಿಸಿದೆ. ಮಗಳಿಗೆ ಹತ್ತು ಪ್ರತಿ ಕಳುಹಿಸಿದೆ, ಎಲ್ಲ ಹಂಚಿಯಾಯಿತು ಎಂದು ಇನ್ನೂ ಐದು ಕೇಳಿದ್ದಾಳೆ. ಅಚ್ಚಿನವರಿಗೆ ನಾಳೆ ಹೇಳಬೇಕು.