ಎಬಿಎಸ್ ದೀಪ ಆರುತ್ತಿಲ್ಲವೇ? ಸೆನ್ಸರ್ ಕೊಳ್ಳುವ ಮೊದಲು ವೈರ್ ನೋಡಿ

ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಬಿಎಸ್ ದೀಪ ಹೊತ್ತಿಕೊಂಡು ಕೆಲವು ಸೆಕೆಂಡುಗಳಲ್ಲಿ ಆರಬೇಕು. ಜೋರಾಗಿ ಬ್ರೇಕ್ ತುಳಿದಾಗ ಚಕ್ರ ತಿರುಗುವುದು ನಿಂತು ಕಾರು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಎಬಿಎಸ್. ದೀಪ ಆರದಿದ್ದರೆ ಗ್ಯಾರೇಜಿನಲ್ಲಿ ಬರುವ ಮೊದಲ ಮಾತು ‘ಸೆನ್ಸರ್ ಹೋಗಿದೆ ಸಾರ್’. ಹೋಗಿರಲೂಬಹುದು. ಆದರೆ ತುಂಡಾದ ವೈರ್, ಕಿಲುಬು ಹಿಡಿದ ಕನೆಕ್ಟರ್, ಸಡಿಲವಾದ ಬೇರಿಂಗ್ ಇವೆಲ್ಲವೂ ಅದೇ ದೀಪವನ್ನು ಹೊತ್ತಿಸುತ್ತವೆ. ಯಾವುದು ಎಂದು ತಿಳಿಯಲು ವಿದ್ಯುತ್ ಅಳೆಯುವ ಒಂದು ಮಲ್ಟಿಮೀಟರ್, ಒಂದು ಜಾಕಿ ಮತ್ತು ಭಾನುವಾರದ ಒಂದು ಬೆಳಗು ಸಾಕು.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ಸಣ್ಣ ಕಾರುಗಳಲ್ಲೂ ಈ ವ್ಯವಸ್ಥೆ ಇದೆ. ಪ್ರತಿ ಚಕ್ರದ ಗುಂಬದ ಬಳಿ ಬೆರಳುದ್ದದ ವೀಲ್ ಸ್ಪೀಡ್ ಸೆನ್ಸರ್ ಇರುತ್ತದೆ. ಚಕ್ರದೊಂದಿಗೆ ತಿರುಗುವ ಹಲ್ಲಿನ ಉಂಗುರವನ್ನೋ ಬೇರಿಂಗ್‌ನಲ್ಲೇ ಅಡಗಿರುವ ಕಾಂತದ ಪಟ್ಟಿಯನ್ನೋ ಅದು ಎಣಿಸುತ್ತದೆ. ನಾಲ್ಕು ಲೆಕ್ಕಗಳಲ್ಲಿ ಒಂದು ತಾಳೆಯಾಗದಿದ್ದರೆ ಎಬಿಎಸ್ ಘಟಕ ತಾನೇ ಕೆಲಸ ನಿಲ್ಲಿಸಿ ದೀಪ ಹಚ್ಚುತ್ತದೆ. ಮಾಮೂಲಿ ಬ್ರೇಕ್ ಆಗಲೂ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಮಾತ್ರ ಚಕ್ರ ತಿರುಗುವುದು ನಿಂತು ಕಾರು ಜಾರಬಹುದು. ಇದರ ಜೊತೆಗೆ ಕೆಂಪು ಬಣ್ಣದ ಬ್ರೇಕ್ ದೀಪವೂ ಹೊತ್ತಿದ್ದರೆ ವಿಷಯ ಬೇರೆ. ಕಾರನ್ನು ಓಡಿಸಬೇಡಿ, ಬ್ರೇಕ್ ಆಯಿಲ್ ಮಟ್ಟ ನೋಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಇನ್ನೊಂದು ಲಕ್ಷಣವೂ ಉಂಟು. ಒಣ ರಸ್ತೆಯಲ್ಲಿ ಮೆಲ್ಲನೆ ನಿಲ್ಲಿಸುವಾಗ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಪೆಡಲ್ ಗರಗರ ನಡುಗುತ್ತದೆ. ಹಲ್ಲಿನ ಉಂಗುರ ಬಿರುಕು ಬಿಟ್ಟಾಗ, ಇಲ್ಲವೇ ಸೆನ್ಸರ್ ತುದಿಗೂ ಉಂಗುರಕ್ಕೂ ನಡುವಿನ ಅಂತರ ಹೆಚ್ಚಾದಾಗ ಹೀಗಾಗುತ್ತದೆ.

ಯಾವ ಚಕ್ರ?

ಸ್ಟೀರಿಂಗ್ ಕೆಳಗೆ, ಪೆಡಲ್‌ಗಳ ಮೇಲ್ಭಾಗದಲ್ಲಿ 16 ಪಿನ್‌ಗಳ ಓಬಿಡಿ ಸಾಕೆಟ್ (ಕಾರಿನ ದೋಷಗಳನ್ನು ಓದುವ ಕಿಂಡಿ) ಇರುತ್ತದೆ. ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲ್ ಆ್ಯಪ್‌ನಲ್ಲಿ ದೋಷದ ಕೋಡ್ ಓದಬಹುದು. ಅನೇಕ ಆ್ಯಪ್‌ಗಳು ಎಂಜಿನ್‌ನ ಕೋಡ್‌ಗಳನ್ನಷ್ಟೇ ಓದುತ್ತವೆ, ಎಬಿಎಸ್ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಕಾರಿನ ಎಬಿಎಸ್ ಓದುವ ಆ್ಯಪ್ ಯಾವುದೆಂದು ನೋಡಿಕೊಂಡೇ ಅಡಾಪ್ಟರ್ ಕೊಳ್ಳಿ. ಸಾಮಾನ್ಯ ಪಟ್ಟಿಯಲ್ಲಿ ಸಿ0035 ಮುಂದಿನ ಎಡ ಚಕ್ರ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ. ಕೆಲವು ಕಂಪನಿಗಳು ತಮ್ಮದೇ ಸಂಖ್ಯೆ ಬಳಸುತ್ತವೆ. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಆ ಚಕ್ರದಿಂದ ಸರಿಯಾದ ಸುದ್ದಿ ಬರುತ್ತಿಲ್ಲ ಎನ್ನುವುದಷ್ಟೇ ಕೋಡ್‌ನ ಅರ್ಥ. ಸುದ್ದಿ ಎಲ್ಲಿ ನಿಂತಿತು ಎನ್ನುವುದನ್ನು ನಾವೇ ಹುಡುಕಬೇಕು.

ಆ್ಯಪ್ ನಾಲ್ಕೂ ಚಕ್ರಗಳ ವೇಗವನ್ನು ತೋರಿಸುವಂತಿದ್ದರೆ ಅರ್ಧ ಕೆಲಸ ಮುಗಿದಂತೆ. ಖಾಲಿ ಮೈದಾನದಲ್ಲಿ ಇನ್ನೊಬ್ಬರು ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರವಾಗಿ ಓಡಿಸಲಿ, ನೀವು ಪಕ್ಕದಲ್ಲಿ ಕುಳಿತು ಪರದೆ ನೋಡಿ. ನಾಲ್ಕೂ ಅಂಕಿಗಳು ಸರಿಸುಮಾರು ಒಂದೇ ಇರಬೇಕು. ತಿರುವಿನಲ್ಲಿ ಹೊರಬದಿಯ ಚಕ್ರಗಳ ಅಂಕಿ ಹೆಚ್ಚಾಗುವುದು ಸಹಜ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಒಂದು ಅಂಕಿ ಸೊನ್ನೆಗೆ ಬಿದ್ದರೆ ವೈರ್ ಒಳಗೆ ತುಂಡಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಒಂದು ಚಕ್ರ ಯಾವಾಗಲೂ ಕೊಂಚ ಹೆಚ್ಚು ವೇಗ ತೋರಿಸುತ್ತಿದ್ದರೆ ಟಯರ್‌ನ ಗಾಳಿ, ಅಳತೆ ನೋಡಿ. ಚಿಕ್ಕ ಟಯರ್ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ.

ಕಣ್ಣಿನ ಪರೀಕ್ಷೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎತ್ತದ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಸಡಿಲಿಸಿ, ಆಮೇಲೆ ಎತ್ತಿ. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ.

ಸೆನ್ಸರ್‌ನಿಂದ ಹೊರಟ ವೈರನ್ನು ಕನೆಕ್ಟರ್‌ವರೆಗೆ ಬೆರಳಿನಲ್ಲಿ ಸವರುತ್ತಾ ಹೋಗಿ. ಮುಂದಿನ ಚಕ್ರಗಳಲ್ಲಿ ಸ್ಟೀರಿಂಗ್ ತಿರುಗಿದಂತೆಲ್ಲ ವೈರ್ ಬಾಗುತ್ತದೆ. ಮೇಲಿನ ರಬ್ಬರ್ ಚೆನ್ನಾಗಿದ್ದು ಒಳಗಿನ ತಂತಿ ಮುರಿದಿರುವುದುಂಟು. ಕ್ಲಿಪ್ ಕಳಚಿ ವೈರ್ ಟಯರಿಗೆ ಉಜ್ಜುತ್ತಿದೆಯೇ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕೆಸರು ಮೆತ್ತಿ ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ ಮತ್ತೆ ಸಿಕ್ಕಿಸಿದರೆ ಕೆಲವೊಮ್ಮೆ ಅಲ್ಲಿಗೇ ಕಥೆ ಮುಗಿಯುತ್ತದೆ. ಇನ್ನು ಇಲಿಗಳು. ಅಂಗಳದಲ್ಲಿ ನಾಲ್ಕು ದಿನ ನಿಂತ ಕಾರು ಅವುಗಳಿಗೆ ಬಾಡಿಗೆಯಿಲ್ಲದ ಮನೆ. ಕಡಿದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ದೀಪ ಮತ್ತೆ ಹೊತ್ತುತ್ತದೆ.

ಸೆನ್ಸರ್ ಸಾಮಾನ್ಯವಾಗಿ ಒಂದೇ ಬೋಲ್ಟ್‌ನಲ್ಲಿ ನಿಂತಿರುತ್ತದೆ. ಬೋಲ್ಟ್ ಬಿಚ್ಚಿದಾಗ ಸಲೀಸಾಗಿ ಬಂದರೆ ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಿ. ತುಕ್ಕಿಗೆ ಕಚ್ಚಿಕೊಂಡಿದ್ದರೆ ಪಕ್ಕಡದಿಂದ ಎಳೆಯಬೇಡಿ. ಒಳ್ಳೆಯ ಸೆನ್ಸರ್ ಮುರಿಯುವುದೇ ಹೀಗೆ.

ಮಲ್ಟಿಮೀಟರ್ ಹಿಡಿಯುವ ಮುನ್ನ

ಸೆನ್ಸರ್‌ಗಳಲ್ಲಿ ಎರಡು ಜಾತಿ. ಹಳೆಯ ಬಗೆಯದು ಕಾಂತ ಮತ್ತು ತಂತಿ ಸುರುಳಿಯದು, ತಾನೇ ವಿದ್ಯುತ್ ಹುಟ್ಟಿಸುತ್ತದೆ. ಹೊಸ ಬಗೆಯದಕ್ಕೆ ಎಬಿಎಸ್ ಘಟಕವೇ ವಿದ್ಯುತ್ ಕೊಡಬೇಕು. ಎರಡಕ್ಕೂ ಎರಡೇ ವೈರ್ ಇರುವುದರಿಂದ ನೋಡಿ ಗುರುತಿಸುವುದು ಕಷ್ಟ. ಈಚಿನ ಕಾರಾದರೆ ಹೊಸ ಬಗೆಯದೆಂದೇ ಭಾವಿಸಿ, ಓಮ್ (ವಿದ್ಯುತ್ ತಡೆ) ಪರೀಕ್ಷೆ ಮಾಡಬೇಡಿ. ಅದರಿಂದ ಸಿಗುವ ಅಂಕಿಗೆ ಅರ್ಥವಿಲ್ಲ, ಸೆನ್ಸರ್‌ಗೆ ಹಾನಿಯೂ ಆಗಬಹುದು.

ಹಳೆಯ ಬಗೆಯದಾದರೆ ಕೀಲಿ ಆಫ್ ಮಾಡಿ, ಕನೆಕ್ಟರ್ ಬಿಡಿಸಿ ಸೆನ್ಸರ್ ಕಡೆಯ ಎರಡು ಪಿನ್‌ಗಳ ನಡುವೆ ಅಳೆಯಿರಿ. ಸಾಮಾನ್ಯವಾಗಿ 800ರಿಂದ 2,500 ಓಮ್ ಒಳಗೆ ಬರುತ್ತದೆ. ಇನ್ನೊಂದು ಬದಿಯ ಸೆನ್ಸರ್ ಜೊತೆ ಹೋಲಿಸುವುದೇ ಹೆಚ್ಚು ನಂಬಲರ್ಹ. ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ, ಸೊನ್ನೆಯ ಹತ್ತಿರವಿದ್ದರೆ ಶಾರ್ಟ್ ಆಗಿದೆ. ಬಳಿಕ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಚಕ್ರವನ್ನು ಕೈಯಿಂದ ಸುತ್ತಿಸಿ. ವೇಗ ಏರಿದಂತೆ ವೋಲ್ಟ್ ಏರಬೇಕು.

ಹೊಸ ಬಗೆಯದಾದರೆ ಕಾರಿನ ಕಡೆಯ ಕನೆಕ್ಟರ್‌ನಲ್ಲಿ, ಕೀಲಿ ಆನ್ ಮಾಡಿ, ಡಿಸಿ ವೋಲ್ಟ್ ನೋಡಿ. ಬಹಳಷ್ಟು ಕಾರುಗಳಲ್ಲಿ ಬ್ಯಾಟರಿಯ ವೋಲ್ಟ್‌ಗೆ ಹತ್ತಿರದ ಅಂಕಿ ಕಾಣಬೇಕು. ಇಲ್ಲಿ ವಿದ್ಯುತ್ತೇ ಇಲ್ಲವೆಂದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ, ದೋಷ ವೈರಿನಲ್ಲೋ ಎಬಿಎಸ್ ಘಟಕದಲ್ಲೋ ಇದೆ. ವಿದ್ಯುತ್ ಬರುತ್ತಿದ್ದೂ ಆ್ಯಪ್‌ನಲ್ಲಿ ವೇಗ ಸೊನ್ನೆಯಾಗಿದ್ದರೆ ಆಗ ಸೆನ್ಸರ್ ಮೇಲೆ ಅನುಮಾನ ಪಡಿ, ಅಥವಾ ಬೇರಿಂಗ್ ಮೇಲೆ.

ಬೇರಿಂಗ್ ಎಂದೆನಲ್ಲ, ಅದಕ್ಕೆ ನಾನೇ ದಂಡ ತೆತ್ತಿದ್ದೇನೆ. ಮುಂದಿನ ಬೇರಿಂಗ್ ಬದಲಿಸಿ ಗ್ಯಾರೇಜಿನಿಂದ ಮನೆಗೆ ಬರುವಷ್ಟರಲ್ಲಿ ಎಬಿಎಸ್ ದೀಪ ಹೊತ್ತಿತು. ಸೆನ್ಸರ್ ಬದಲಿಸಿದೆವು, ದೀಪ ಆರಲಿಲ್ಲ. ಕೊನೆಗೆ ನೋಡಿದರೆ ಬೇರಿಂಗನ್ನು ತಿರುವು ಮುರುವಾಗಿ ಕೂರಿಸಿದ್ದರು. ಕಾಂತದ ಪಟ್ಟಿ ಇರುವ ಮುಖ ಸೆನ್ಸರ್ ಕಡೆಗೆ ಇರಬೇಕಿತ್ತು. ಹೊರಗೆ ಮುಖ ಮಾಡಿತ್ತು. ಎರಡೂ ಬದಿ ನೋಡಲು ಹೆಚ್ಚುಕಡಿಮೆ ಒಂದೇ. ಕೂರಿಸುವ ಮೊದಲು ಗುಂಡುಸೂಜಿಯನ್ನು ಹತ್ತಿರ ಹಿಡಿದರೆ ಕಾಂತದ ಬದಿ ಅದನ್ನು ಮೆಲ್ಲನೆ ಸೆಳೆಯುತ್ತದೆ. ಬಲವಾದ ಅಯಸ್ಕಾಂತವನ್ನು ಮಾತ್ರ ಅದರ ಬಳಿ ತರಬೇಡಿ, ಪಟ್ಟಿ ಹಾಳಾಗುತ್ತದೆ. ಹಳೆಯ ಬೇರಿಂಗ್ ಆದರೆ, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲೊಟಲೊಟ ಎಂದರೆ ಸೆನ್ಸರ್ ವಿಷಯ ಆಮೇಲೆ, ಮೊದಲು ಬೇರಿಂಗ್ ನೋಡಿಸಿ.

ಸೆನ್ಸರ್ರೇ ಕೆಟ್ಟಿದೆ ಎಂದು ಖಾತ್ರಿಯಾದರೆ ಹಳೆಯದನ್ನೂ ಕಾರಿನ ಚಾಸಿ ನಂಬರನ್ನೂ ಅಂಗಡಿಗೆ ಒಯ್ಯಿರಿ. ಎಡಕ್ಕೂ ಬಲಕ್ಕೂ ಪಾರ್ಟ್ ನಂಬರ್ ಬೇರೆ ಇರಬಹುದು. ಜೋಡಿಸಿ, ಕಾರು ಇಳಿಸಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಕೋಡ್ ಅಳಿಸಿ. ದೀಪ ತಕ್ಷಣ ಆರದಿದ್ದರೆ ಗಾಬರಿ ಬೇಡ. ಕೆಲವು ಕಾರುಗಳು ಒಂದಷ್ಟು ದೂರ ಓಡಿ, ನಾಲ್ಕೂ ಚಕ್ರಗಳ ಲೆಕ್ಕ ತಾಳೆ ನೋಡಿಕೊಂಡ ಮೇಲೆಯೇ ಅದನ್ನು ಆರಿಸುತ್ತವೆ.