ಕೊಡಗಿನ ರೋಡಲ್ಲಿ ಸ್ವಿಫ್ಟ್ ಇಳಿಸಿದ ಕಥೆ: ಟೇಪು, ಟೈಲ್ಸು, ಎರಡು ಮೂಟೆ ಕಾಫಿ

ನಮ್ ಕಡೆ ಎಲ್ರೂ ಗಾಡಿ ಎತ್ತರ ಮಾಡ್ಸೋರೇ, ನಾನು ನನ್ನ ಸ್ವಿಫ್ಟ್ ಎತ್ತರ ಇಳಿಸ್ತೀನಿ ಅಂದಾಗ ಚಿಕ್ಕಪ್ಪ "ತೋಟದ ಗೇಟ್ ದಾಟಲ್ಲ ನೋಡು" ಅಂದ್ರು, ಗೋಣಿಕೊಪ್ಪದ ಫ್ರೆಂಡ್ಸ್ ಮಳೆಗಾಲದ ತನಕ ಟೈಮ್ ಕೊಟ್ರು. ಈಗ ಒಂದು ಪೂರ್ತಿ ಮಳೆಗಾಲ ಮುಗೀತು, ಗಾಡಿ ದಿನಾ ಓಡ್ತಿದೆ, ಅದಕ್ಕೇ ಬರೀತಿದೀನಿ.

ಗಾಡಿ ಎರಡನೇ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್, ಕಂಪನಿ ಲೆಕ್ಕದಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ಗಾಡಿ ತಳಕ್ಕೂ ನೆಲಕ್ಕೂ ಇರೋ ಅಂತರ) 170 ಎಂಎಂ. ಮೊದಲ ತಪ್ಪು ದುಡ್ಡು ಉಳಿಸೋಕೆ ಹೋಗಿದ್ದು. ಒಂದು ಗ್ಯಾರೇಜಲ್ಲಿ ಒರಿಜಿನಲ್ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕಟ್ ಮಾಡ್ಸಿದೆ, 2,500 ಆಯ್ತು. ಮುಂದೆ 45 ಎಂಎಂ ಇಳೀತು, ನೋಡೋಕೆ ಸೂಪರ್. ಆದ್ರೆ ತಿತಿಮತಿ ಕಾಡಿನ ಹಂಪುಗಳ ಮೇಲೆ ಪ್ರತಿ ಸಲ ಧಡ್ ಅಂತ ಬಂಪ್ ಸ್ಟಾಪಿಗೆ (ಶಾಕ್ ಪೂರ್ತಿ ಒತ್ತಿದಾಗ ತಡೆಯೋ ರಬ್ಬರ್ ತುಂಡು) ಹೊಡೆಯೋದು, ಜಾಕ್ ಹಾಕಿದ್ರೆ ಹಿಂದಿನ ಸ್ಪ್ರಿಂಗ್ ಸೀಟಲ್ಲಿ ಲೂಸಾಗಿ ಅಲ್ಲಾಡೋದು. ಎರಡು ತಿಂಗಳಿಗೆ ಮುಂದಿನ ಎಡಗಡೆ ಶಾಕ್ ಎಣ್ಣೆ ಸೋರೋಕೆ ಶುರು. ಶಾಕ್ ಜೋಡಿ ಆರೂವರೆ ಸಾವಿರ, ಮತ್ತೆ ಒರಿಜಿನಲ್ ಸ್ಪ್ರಿಂಗ್ ಸೆಟ್ ಏಳರ ಹತ್ರ.

ಆಮೇಲೆ ಹಠ ಬಂತು, ಅಳತೆ ಮಾಡದೆ ಒಂದು ರೂಪಾಯಿನೂ ಬಿಚ್ಚಲ್ಲ ಅಂತ. ಮನೆ ಕಾಫಿ ಕಣದಲ್ಲಿ ನಿಲ್ಸಿ ನೆಲದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ತನಕ ಟೇಪ್ ಹಿಡಿದ್ರೆ ಎಡಕ್ಕೂ ಬಲಕ್ಕೂ 9 ಎಂಎಂ ವ್ಯತ್ಯಾಸ. ಸ್ಪ್ರಿಂಗ್ ಮೇಲೆ ಅನುಮಾನ ಪಟ್ಟು ಒಂದು ವಾರ ಹಾಳು ಮಾಡ್ದೆ. ಗಾರೆಯವರ ಮಟ್ಟ ನೋಡೋ ನೀರಿನ ಟ್ಯೂಬ್ ತಂದು ನೋಡಿದ್ರೆ ಕಣ ಕಣ್ಣಿಗೆ ಮಾತ್ರ ಸಮ, ಒಂದು ಚಕ್ರ ನಿಂತ ಜಾಗ 14 ಎಂಎಂ ತಗ್ಗು, ಜೊತೆಗೆ ಒಂದು ಟೈರಲ್ಲಿ ಗಾಳಿನೂ ಕಮ್ಮಿ. ಮನೆ ಕಟ್ಟಿ ಉಳಿದಿದ್ದ ಟೈಲ್ಸ್ ತುಂಡು ಕೊಟ್ಟು ನಾಲ್ಕೂ ಜಾಗ ಒಂದೇ ಮಟ್ಟಕ್ಕೆ ತಂದೆ. ಆಮೇಲಿಂದ ಹಬ್ ಸೆಂಟರಿಂದ, ಅಂದ್ರೆ ಚಕ್ರದ ನಡುವಿಂದ, ಫೆಂಡರ್ ಅಂಚಿಗೇ ಅಳೆಯೋದು, ಅರ್ಧ ಟ್ಯಾಂಕ್, ಸೀಟಲ್ಲಿ ನನ್ನ ತೂಕದ ಒಬ್ಬ, ಗಾಡಿ ಹಿಂದೆ ಮುಂದೆ ತಳ್ಳಿ ಬಾನೆಟ್ ಎರಡು ಸಲ ಒತ್ತಿ ಬಿಟ್ಟ ಮೇಲೇನೇ. ಮಧ್ಯೆ 185/65 ಟೈರ್ ಬಿಚ್ಚಿ ಫ್ರೆಂಡಿನ 195/60 ಹಾಕಿ ನೋಡ್ದೆ, ಗಾಡಿ 3 ಎಂಎಂ ಕೆಳಗೆ ಬಂತು, ಹಬ್ ಅಳತೆ ಒಂಚೂರೂ ಕದಲಲಿಲ್ಲ. ಅಲ್ಲಿಗೆ ನೆಲದ ಅಳತೆ ಬಿಟ್ಟುಬಿಟ್ಟೆ.

ಎಷ್ಟು ಇಳಿಸ್ಬೇಕು ಅಂತ ಹೇಳಿದ್ದು ಒಂದು ಕೇಬಲ್ ಟೈ. ಡಸ್ಟ್ ಬೂಟ್ (ಧೂಳು ತಡೆಯೋ ರಬ್ಬರ್ ಕವಚ) ಮೇಲೆತ್ತಿ ಶಾಕ್ ರಾಡಿಗೆ ಕಟ್ಟಿ, ಭಾಗಮಂಡಲದ ತನಕ ಹೋಗಿ ಬಂದು ಶಾಕ್ ಅದನ್ನ ಎಲ್ಲಿ ತನಕ ತಳ್ಳಿದೆ ನೋಡೋದು. ಒರಿಜಿನಲ್ ಸ್ಪ್ರಿಂಗಲ್ಲಿ ಮುಂದೆ ಬಂಪ್ ಸ್ಟಾಪಿಗೆ ಇರೋದೇ ಸುಮಾರು 50 ಎಂಎಂ, ಅದರಲ್ಲಿ 45 ನಾನು ತಿಂದುಹಾಕಿದ್ದೆ! 40 ಎಂಎಂ ಇಳಿಸೋ ಸ್ಪ್ರಿಂಗ್ ಸೆಟ್ ಆಸೆ ಬಿಟ್ಟು 25 ಎಂಎಂ ಪ್ರೋಗ್ರೆಸಿವ್ (ಒತ್ತಿದಷ್ಟೂ ಗಟ್ಟಿಯಾಗೋ) ಸೆಟ್ ತಗೊಂಡೆ, 19 ಸಾವಿರ. ಹಿಂದಕ್ಕೆ ಗಟ್ಟಿ ಎಷ್ಟು ಅಂತ ನೋಡೋಕೆ ಡಿಕ್ಕೀಲಿ 50 ಕೆಜಿಯ ಎರಡು ಮೂಟೆ ಚೆರ್ರಿ ಕಾಫಿ ಇಟ್ಟು ಅಳೆದೆ: ಹಳೇ ಸ್ಪ್ರಿಂಗಲ್ಲಿ 28 ಎಂಎಂ ಕೂತಿತ್ತು, ಹೊಸದ್ರಲ್ಲಿ 22. ಹಿಂದಿನ ಸ್ಪ್ರಿಂಗ್ ಕೆಳಗೆ ನಾನು ಹಾಕಿರೋ ರಬ್ಬರ್ ಯಾವ ಗಾಡಿದು ಅಂತ ಮಾತ್ರ ಕೇಳ್ಬೇಡಿ, ಮೂರು ತಿಂಗಳು ಹುಡುಕಿದ್ದು ಅದು.

ಫಿಟ್ ಮಾಡಿದ ದಿನ ಇಳಿದಿದ್ದು ಬರೀ 17 ಎಂಎಂ. ಮೆಕ್ಯಾನಿಕ್ ಚಕ್ರ ನೇತಾಡ್ತಿರುವಾಗ್ಲೇ ಲೋವರ್ ಆರ್ಮ್ (ಚಕ್ರನ ಗಾಡಿಗೆ ಹಿಡಿಯೋ ತೋಳು) ಬೋಲ್ಟ್ ಬಿಗಿ ಮಾಡಿದ್ದ, ಅದರೊಳಗಿನ ರಬ್ಬರ್ ಬುಷ್ ತಿರುಚಿಕೊಂಡು ಗಾಡಿನ ಮೇಲಕ್ಕೆ ಹಿಡ್ಕೊಂಡಿತ್ತು. ಚಕ್ರದ ಕೆಳಗೆ ಹಲಗೆ ಕೊಟ್ಟು, ಗಾಡಿ ತನ್ನ ಭಾರದಲ್ಲಿ ನಿಂತಿರುವಾಗ ಸಡಿಲಿಸಿ, ಕುಲುಕಿಸಿ, ಮತ್ತೆ ಬಿಗಿ ಮಾಡಿದ್ಮೇಲೆ 24 ಬಂತು. 600 ಕಿಲೋಮೀಟರ್ ಓಡಿದ್ಮೇಲೆ ಇನ್ನೂ 3-4 ಕೂತು 370 ಇದ್ದ ಹಬ್ ಅಳತೆ 342ಕ್ಕೆ ನಿಂತಿದೆ. ಅಲೈನ್‌ಮೆಂಟ್ ಎರಡು ಸಲ ಮಾಡ್ಸಿ, ಕೂತ ಮೇಲಿಂದೇ ಲೆಕ್ಕಕ್ಕೆ ತಗೊಳ್ಳಿ, ಮೊದಲನೇದು ಟೈರ್ ಉಳಿಸೋಕೆ ಅಷ್ಟೇ. ಹೆಡ್‌ಲೈಟೂ ಮತ್ತೆ ಸೆಟ್ ಮಾಡ್ಸಿ.

ಲೇಬರ್ ಎಲ್ಲ ಸೇರಿ 40 ಸಾವಿರದ ಹತ್ರ ಹೋಯ್ತು, ಅದರಲ್ಲಿ ಹದಿನಾರು ಆ ಕಟಿಂಗ್ ಕೆಲಸದ್ದೇ. ತುಲಾ ಸಂಕ್ರಮಣಕ್ಕೆ ಮನೆಯವರು ಐದು ಜನ ತುಂಬ್ಕೊಂಡು ತಲಕಾವೇರಿಗೆ ಹೋಗಿ ಬಂದ್ವಿ, ಕೆಳಗೆ ಎಲ್ಲೂ ಒಂದು ಗೀರಿಲ್ಲ, ಕೇಬಲ್ ಟೈ ಬಂಪ್ ಸ್ಟಾಪಿಗಿಂತ ಒಂದು ಬೆರಳು ಕೆಳಗೇ ನಿಂತಿತ್ತು. ಮುಂದಿನ ಸೀಟಲ್ಲಿ ಕೂತಿದ್ದು ಚಿಕ್ಕಪ್ಪನೇ.