ಪೋಕರ್‌ನಲ್ಲಿ ಗೆದ್ದವರನ್ನು ನಿರ್ಣಯಿಸುವುದು ಹೇಗೆ?

ವರಪೂಜೆಯ ರಾತ್ರಿ ಛತ್ರದ ಮೂಲೆಯಲ್ಲಿ ಜಮಖಾನ ಹಾಸಿ ರಮ್ಮಿಗೆ ಕೂರುವುದು ಮಂಡ್ಯ, ಮದ್ದೂರಿನ ಕಡೆ ಹೊಸದೇನಲ್ಲ. ರಮ್ಮಿ ಬಲ್ಲವರು ಪೋಕರ್‌ಗೆ ಕೈಹಾಕಿದಾಗ ಆಟ ಬೇಗ ಹಿಡಿತಕ್ಕೆ ಬರುತ್ತದೆ. ತಕರಾರು ಏಳುವುದು ಎಲೆ ಬಿಚ್ಚಿದ ಮೇಲೆಯೇ. ರಮ್ಮಿಯಲ್ಲಿ ಕೈಯಲ್ಲಿರುವ ಹದಿಮೂರು ಎಲೆಗೂ ಲೆಕ್ಕವಿದೆ. ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಾದರೋ ಕೈಯ ಎರಡು, ನಡುವೆ ಹಾಸಿದ ಐದು ಸೇರಿ ಏಳು ಎಲೆಗಳಿದ್ದರೂ, ತೀರ್ಪಿಗೆ ಬರುವುದು ಅವುಗಳಲ್ಲಿ ಅತ್ಯುತ್ತಮವಾದ ಐದು ಮಾತ್ರ.

ಮೊದಲು ಈ ಐದು ಎಲೆಗಳ ಗುಂಪಿನ, ಅಂದರೆ ‘ಕೈ’ಯ, ದರ್ಜೆಯನ್ನು ಗುರುತಿಸಬೇಕು. ಒಂದೇ ಜಾತಿಯ ಐದು ಎಲೆ ಸಾಲಾಗಿ ಬಂದರೆ ಅದು ಸ್ಟ್ರೇಟ್ ಫ್ಲಶ್, ಎಲ್ಲಕ್ಕಿಂತ ಮೇಲು. ಅದರ ಕೆಳಗೆ ಕ್ರಮವಾಗಿ ಒಂದೇ ಅಂಕಿಯ ನಾಲ್ಕು ಎಲೆ, ಮೂರರ ಜೊತೆಗೊಂದು ಜೋಡಿ ಸೇರಿದ ಫುಲ್ ಹೌಸ್, ಸಾಲು ತಪ್ಪಿದರೂ ಒಂದೇ ಜಾತಿಯದಾದ ಫ್ಲಶ್, ಜಾತಿ ಬೆರೆತ ಸಾಲಾದ ಸ್ಟ್ರೇಟ್, ಒಂದೇ ಅಂಕಿಯ ಮೂರು, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಬರಿಯ ದೊಡ್ಡ ಎಲೆ. ರಮ್ಮಿಯ ಸೀಕ್ವೆನ್ಸ್‌ಗೆ ಒಗ್ಗಿದವರಿಗೆ ಫ್ಲಶ್‌ನೆದುರು ಸ್ಟ್ರೇಟ್ ಸೋಲುವುದು ಅನ್ಯಾಯವೆನಿಸಬಹುದು. ಆದರೆ 52 ಎಲೆಗಳಿಂದ ಆಗಬಹುದಾದ 25,98,960 ಕೈಗಳಲ್ಲಿ ಸ್ಟ್ರೇಟ್ 10,200 ಬಗೆಯಲ್ಲಿ ಕೂಡಿಬಂದರೆ ಫ್ಲಶ್ 5,108 ಬಗೆಯಲ್ಲಷ್ಟೇ ಕೂಡಿಬರುತ್ತದೆ. ಅಪರೂಪವಾದದ್ದಕ್ಕೇ ಬೆಲೆ ಹೆಚ್ಚು.

ದರ್ಜೆ ಸಮವಾದಾಗ ಅಂಕಿ ನೋಡಬೇಕು. ಫುಲ್ ಹೌಸ್‌ನಲ್ಲಿ ಮೊದಲು ಮೂರರ ಗುಂಪನ್ನು, ಎರಡು ಜೋಡಿಯಲ್ಲಿ ದೊಡ್ಡ ಜೋಡಿಯನ್ನು, ಫ್ಲಶ್‌ನಲ್ಲಿ ಮೇಲಿನಿಂದ ಒಂದೊಂದೇ ಎಲೆಯನ್ನು ಹೋಲಿಸುತ್ತಾರೆ. ಎಕ್ಕದಿಂದ ಐದರವರೆಗಿನ ಸಾಲಿನಲ್ಲಿ ಎಕ್ಕ ಒಂದಾಗಿಬಿಡುವುದರಿಂದ ಅದು ಅತಿ ಚಿಕ್ಕ ಸ್ಟ್ರೇಟ್. ರಾಣಿ, ರಾಜ, ಎಕ್ಕ, ಎರಡು, ಮೂರು ಎಂದು ಸುತ್ತಿಬರುವ ಸಾಲಿಗೆ ಮಾನ್ಯತೆಯೇ ಇಲ್ಲ.

ಜೋಡಿಯೂ ಸಮವಾದರೆ ಉಳಿದ ಎಲೆಗಳು, ಅಂದರೆ ಕಿಕ್ಕರ್‌ಗಳು, ತೀರ್ಮಾನಿಸುತ್ತವೆ. ಜಗಳ ಹೆಚ್ಚು ಹುಟ್ಟುವುದು ಇಲ್ಲಿಯೇ. ನಡುವೆ ಆಟೀನ್ ಎಕ್ಕ, ಕಳಾವರ್ ರಾಜ, ಇಸ್ಪೀಟ್ ರಾಣಿ, ಡೈಮಂಡ್ ಒಂಬತ್ತು, ಕಳಾವರ್ ನಾಲ್ಕು ಬಿದ್ದಿವೆ ಎನ್ನೋಣ. ಭಾವನ ಕೈಯಲ್ಲಿ ಎಕ್ಕ, ಏಳು. ಭಾಮೈದನ ಕೈಯಲ್ಲಿ ಎಕ್ಕ, ಮೂರು. ‘ನನ್ನ ಏಳು ದೊಡ್ಡದು’ ಎಂದು ಭಾವ ಎಷ್ಟು ವಾದಿಸಿದರೂ ಇಬ್ಬರ ಐದು ಎಲೆಗಳೂ ಎಕ್ಕದ ಜೋಡಿ, ರಾಜ, ರಾಣಿ, ಒಂಬತ್ತೇ ಆಗಿರುವುದರಿಂದ ಅದು ಟೈ. ಏಳರ ಬದಲು ಗುಲಾಮನಿದ್ದಿದ್ದರೆ ಅವನು ಒಂಬತ್ತನ್ನು ಹೊರಗೆ ತಳ್ಳಿ ಭಾವನನ್ನು ಗೆಲ್ಲಿಸುತ್ತಿದ್ದ. ಹಾಗೆಯೇ ನಡುವೆ ಎರಡು ಎಕ್ಕ, ಎರಡು ಒಂಬತ್ತು, ಒಂದು ರಾಜ ಇರುವಾಗ ಕೈಯಲ್ಲಿ ಮೂರರ ಜೋಡಿ ಹಿಡಿದವರಿಗೆ ಅದರಿಂದ ಕಾಸಿನ ಪ್ರಯೋಜನವೂ ಇಲ್ಲ, ಏಕೆಂದರೆ ‘ಮೂರು ಜೋಡಿ’ ಎಂಬ ಕೈ ಪೋಕರ್‌ನಲ್ಲಿಲ್ಲ.

ಇಸ್ಪೀಟ್ ಮೇಲು, ಕಳಾವರ್ ಕೀಳು ಎಂಬ ಎಣಿಕೆ ಬ್ರಿಡ್ಜ್ ಎಂಬ ಬೇರೊಂದು ಎಲೆಯಾಟದ್ದು. ಪೋಕರ್‌ನಲ್ಲಿ ಟೈ ಬಿಡಿಸಲು ಜಾತಿಯನ್ನು ನೋಡುವುದಿಲ್ಲ. ಐದೂ ಎಲೆ ಸಮವಾದರೆ ಪಣವನ್ನು ಸಮನಾಗಿ ಹಂಚಬೇಕು. ದುಡ್ಡಿನ ಗೊಡವೆ ಬೇಡವೆಂದು ಹುಣಸೆಬೀಜ ಇಟ್ಟು ಆಡುವಾಗ (ಅದೇ ಕ್ಷೇಮ) ಪಣದಲ್ಲಿ 25 ಬೀಜಗಳಿದ್ದರೆ ಇಬ್ಬರಿಗೂ ಹನ್ನೆರಡು ಹನ್ನೆರಡು ಕೊಟ್ಟು, ಮಿಕ್ಕ ಒಂದನ್ನು ಎಲೆ ಹಂಚಿದವರ ಎಡಗಡೆಯಿಂದ ಎಣಿಸಿದಾಗ ಗೆದ್ದವರ ಪೈಕಿ ಯಾರು ಮೊದಲು ಸಿಗುತ್ತಾರೋ ಅವರಿಗೆ ಸೇರಿಸುವುದು ವಾಡಿಕೆ.